ಇಸ್ರೇಲಿನಲ್ಲಿ ದುಡಿಯುವ ಕರಾವಳಿಯ ಬಂಧುಗಳಿಗೆ, ಹನ್ನಾ ಸೆನೆಶ್ ಎಂಬ ಹುಡುಗಿಯ ಬಗ್ಗೆ

ಪ್ರೀತಿಯ ಅಕ್ಕಂದಿರೇ, ಅಣ್ಣಂದಿರೇ, ಹೊಸದಾಗಿ ಬಂದಿರುವ ತಂಗಿಯರೇ,

ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಮನೆಗಳಲ್ಲಿ ಹಿರಿಯರ ಆರೈಕೆ ಮಾಡುತ್ತಿರುವ ನಮಗೆಲ್ಲ ವಸಂತಕಾಲದ ಎರಡು ಸೈರನ್‌ಗಳು ಗೊತ್ತು. ಕ್ಷಿಪಣಿ ಬಂದಾಗ ಕೂಗುವ ಸೈರನ್ ಬೇರೆ, ಅದು ಓಡಿಸುತ್ತದೆ. ಇವು ನಿಲ್ಲಿಸುತ್ತವೆ. ಮೊದಲನೆಯದು ಯೋಮ್ ಹಶೋಆ ದಿನದ್ದು, ನಾಜಿಗಳು ಕೊಂದ ಅರವತ್ತು ಲಕ್ಷ ಯಹೂದಿಗಳ ನೆನಪಿಗೆ. ಅದಾಗಿ ಒಂದು ವಾರಕ್ಕೆ ಯೋಮ್ ಹಝಿಕರೋನ್, ಯುದ್ಧಗಳಲ್ಲಿ ಸತ್ತವರ ನೆನಪಿಗೆ. ಬಸ್ ರಸ್ತೆ ಮಧ್ಯದಲ್ಲೇ ನಿಲ್ಲುತ್ತದೆ, ಚಾಲಕ ಇಳಿದು ತಲೆ ಬಗ್ಗಿಸುತ್ತಾನೆ. ನಾವೂ ಗಾಲಿಕುರ್ಚಿಯ ಹಿಡಿಕೆ ಹಿಡಿದುಕೊಂಡು ನಿಲ್ಲುತ್ತೇವೆ. ನಮ್ಮವರಲ್ಲದ ಸಾವುಗಳಿಗೆ ಮೌನವಾಗಿ ನಿಲ್ಲುವಾಗ ಮನಸ್ಸು ಒಂದು ಮುಖವನ್ನು ಹುಡುಕುತ್ತದೆ. ನನಗೆ ಸಿಕ್ಕಿದ್ದು ಹನ್ನಾ ಸೆನೆಶಳ ಮುಖ. ಈ ಎರಡೂ ದಿನಗಳಿಗೆ ಸೇರಿದವಳು ಅವಳು. ಹಂಗೇರಿಯ ಯಹೂದಿಗಳ ನಾಶದ ವರ್ಷದಲ್ಲಿ, ಅದೇ ಹಂಗೇರಿಯ ಸೆರೆಮನೆಯಲ್ಲಿ, ಬ್ರಿಟಿಷ್ ಪಡೆಯ ಸಮವಸ್ತ್ರ ತೊಟ್ಟು ಬಂದಿದ್ದ ಕಿಬ್ಬುಟ್ಸ್ (ಒಟ್ಟಿಗೆ ದುಡಿದು ಹಂಚಿ ಬಾಳುವ ಯಹೂದಿ ಹಳ್ಳಿ) ಹುಡುಗಿಯಾಗಿ ಸತ್ತವಳು. ಆಗ ಅವಳಿಗೆ ಇಪ್ಪತ್ತಮೂರು ವರ್ಷ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಅವಳು ಸತ್ತ ತಿಂಗಳಾದ ನವೆಂಬರ್ ಹತ್ತಿರವಾದಂತೆ ನಮ್ಮ ಮೊಬೈಲ್‌ಗಳಿಗೆ ಊರಿನಿಂದಲೇ ಅವಳ ಚಿತ್ರಗಳು ಬರತೊಡಗುತ್ತವೆ. ಕೈಯಲ್ಲಿ ಬಂದೂಕು, ಹಿಂದೆ ಬೆಂಕಿ, ಕೆಳಗೆ ‘ಶತ್ರುಗಳ ಎದೆ ನಡುಗಿಸಿದ ವೀರವನಿತೆ’ ಎಂಬ ಸಾಲು. ನಮ್ಮಲ್ಲಿ ಕೆಲವರು ಅದಕ್ಕೆ ಕೈಮುಗಿಯುವ ಚಿಹ್ನೆ ಹಾಕಿ ಇನ್ನೊಬ್ಬರಿಗೆ ಕಳುಹಿಸುತ್ತಾರೆ. ಗೌರವದಿಂದಲೇ ಕಳುಹಿಸುತ್ತಾರೆ ಎಂಬುದು ನನಗೆ ಗೊತ್ತು. ಆದರೂ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಆ ಚಿತ್ರದಲ್ಲಿರುವವಳು ಹನ್ನಾ ಅಲ್ಲವೇ ಅಲ್ಲ. ಅವಳು ಯಾರನ್ನೂ ಕೊಲ್ಲಲು ಹೋದವಳಲ್ಲ, ಜನರನ್ನು ಬಿಡಿಸಿಕೊಂಡು ಬರಲು ಹೋದವಳು. ಅದಕ್ಕೂ ಮೊದಲು ಈ ದೇಶದಲ್ಲಿ ಅವಳು ಮಾಡಿದ್ದು ಹೆಚ್ಚುಕಡಿಮೆ ನಾವು ಮಾಡುವ ಕೆಲಸಗಳನ್ನೇ.

1921ರ ಜುಲೈ 17ರಂದು ಬುಡಾಪೆಸ್ಟಿನಲ್ಲಿ ಹುಟ್ಟಿದಳು. ತಂದೆ ಬೇಲಾ ಸೆನೆಶ್ ಪತ್ರಕರ್ತ, ನಾಟಕಕಾರ. ಮಗಳಿಗೆ ಆರು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡರು. ತಾಯಿ ಕಾತಾಲಿನ್ ಮಗ ಗಿಯೋರಾನನ್ನೂ ಮಗಳನ್ನೂ ಒಬ್ಬರೇ ಬೆಳೆಸಿದರು. ಧರ್ಮಾಚರಣೆಯ ಕಟ್ಟುನಿಟ್ಟಿಲ್ಲದ, ಪುಸ್ತಕ, ಸಂಗೀತ, ನಾಟಕಗಳ ಮನೆ. ಹುಡುಗಿ ಓದಿದ್ದು ಪ್ರಾಟೆಸ್ಟಂಟ್ ಹೆಣ್ಣುಮಕ್ಕಳ ಶಾಲೆಯಲ್ಲಿ. ಯಹೂದಿ ಮಕ್ಕಳಿಗೆ ಅಲ್ಲಿ ಶುಲ್ಕ ಹೆಚ್ಚು. ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದಳು. ಶಾಲೆಯ ಸಾಹಿತ್ಯ ಸಂಘದ ಹುದ್ದೆಗೆ ಸಹಪಾಠಿಗಳು ಅವಳನ್ನು ಆರಿಸಿದರು. ಯಹೂದಿಯಾದ್ದರಿಂದ ಆ ಹುದ್ದೆ ಅವಳಿಗೆ ದಕ್ಕಲಿಲ್ಲ. ಹದಿನಾರರ ಹುಡುಗಿಗೆ ಅದು ಆಳವಾಗಿ ನಾಟಿತು. ಮರುವರ್ಷ, 1938ರಲ್ಲಿ, ಹಂಗೇರಿ ಸರ್ಕಾರವೇ ಯಹೂದಿಗಳ ಉದ್ಯೋಗಕ್ಕೆ ಮಿತಿ ಹಾಕುವ ಕಾನೂನು ತಂದಿತು. ಅವಳು ಹೀಬ್ರೂ ಕಲಿಯತೊಡಗಿದಳು. ಆಗ ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ಟೈನಿಗೆ, ಅಂದರೆ ನಾವೀಗ ಇರುವ ಈ ನಾಡಿಗೆ ಹೋಗಬೇಕು, ನೆಲದಲ್ಲಿ ದುಡಿಯಬೇಕು ಎಂದು ಗಟ್ಟಿ ಮಾಡಿಕೊಂಡಳು. ಬುದ್ಧಿವಂತ ಮಗಳು ವಿಶ್ವವಿದ್ಯಾಲಯಕ್ಕೆ ಹೋಗುವುದು ಬಿಟ್ಟು ಕೋಳಿ ಸಾಕುವುದನ್ನು ಕಲಿಯಲು ಹೊರಟಾಗ ತಾಯಿಗೆ ಹೇಗಾಗಿರಬೇಕು, ನೀವೇ ಯೋಚಿಸಿ.

1939ರ ಸೆಪ್ಟೆಂಬರಿನಲ್ಲಿ, ಯುರೋಪಿನಲ್ಲಿ ಯುದ್ಧ ಶುರುವಾದ ತಿಂಗಳಲ್ಲೇ, ಹದಿನೆಂಟು ವರ್ಷದ ಹನ್ನಾ ಈ ನಾಡಿಗೆ ಬಂದಳು. ನಹಲಾಲ್‌ನ ಹೆಣ್ಣುಮಕ್ಕಳ ಕೃಷಿ ಶಾಲೆಯಲ್ಲಿ ಎರಡು ವರ್ಷ. ಹೈನು, ಕೋಳಿ, ತೋಟ, ಬಟ್ಟೆ ಒಗೆಯುವುದು. 1941ರ ಕೊನೆಗೆ ಕೇಸರಿಯಾದ ಸಮುದ್ರ ತೀರದಲ್ಲಿ ಆಗಷ್ಟೇ ನೆಲೆ ಕಾಣುತ್ತಿದ್ದ ಸ್ದೋತ್ ಯಾಮ್ ಎಂಬ ಕಿಬ್ಬುಟ್ಸ್ ಸೇರಿದಳು. ನಮ್ಮಲ್ಲಿ ಚರ್ಚಿಗೆ ಹೋಗುವವರಿಗೆ ಆ ಊರು ಅಪೊಸ್ತಲರ ಕೃತ್ಯಗಳಿಂದ ಪರಿಚಿತ: ಸಂತ ಪೌಲನನ್ನು ಎರಡು ವರ್ಷ ಸೆರೆಯಲ್ಲಿಟ್ಟಿದ್ದ ಕೈಸರೈಯ ಅದೇ. ಒಂದು ಕಡೆ ರೋಮನ್ನರ ಪಾಳು ಗೋಡೆಗಳು, ಇನ್ನೊಂದು ಕಡೆ ಮರಳು, ಎದುರಿಗೆ ಸಮುದ್ರ. ಕೆಲಸ ಮಾತ್ರ ಅಡುಗೆಮನೆಯಲ್ಲಿ, ಒಗೆಯುವ ಮನೆಯಲ್ಲಿ.

ಈ ಎರಡು ವರ್ಷಗಳ ಅವಳ ಬದುಕನ್ನು ಪೋಸ್ಟರ್‌ಗಳು ಹಾರಿಬಿಡುತ್ತವೆ. ನಮಗೆ ಅತಿ ಹೆಚ್ಚು ಅರ್ಥವಾಗುವುದು ಅದೇ. ದಿನಚರಿಯಲ್ಲಿ ಹನ್ನಾ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತಾಳೆ: ನನ್ನ ಶಕ್ತಿಯೆಲ್ಲ ಈ ಒಗೆತದಲ್ಲೇ ಹೋಗಬೇಕೆ, ನಾನು ಸರಿಯಾದ ಜಾಗದಲ್ಲಿ ಇದ್ದೇನೆಯೇ, ಇಷ್ಟು ಜನರ ನಡುವೆ ಇದ್ದೂ ನಾನು ಯಾಕೆ ಒಂಟಿ? ಒಟ್ಟಿಗೆ ದುಡಿದು ಹಂಚಿ ತಿನ್ನುವ ಬದುಕನ್ನು ಅವಳು ನಂಬಿಯೇ ಆರಿಸಿಕೊಂಡಿದ್ದಳು. ಆದರೆ ನಂಬಿದ ಬದುಕೂ ಭಾರವಾಗಬಹುದು ಎಂಬುದನ್ನು ಅವಳು ಮುಚ್ಚಿಡಲಿಲ್ಲ. ಕೆಲಸಕ್ಕೆ ಬಂದ ಮೊದಲ ವರ್ಷ ರಾತ್ರಿ ದೀಪ ಆರಿಸಿದ ಮೇಲೆ ನಮ್ಮಲ್ಲಿ ಎಷ್ಟು ಮಂದಿ ಇದೇ ಪ್ರಶ್ನೆಗಳನ್ನು ಕೇಳಿಕೊಂಡಿಲ್ಲ? ಒಂದು ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ನಾವು ರಾತ್ರಿ ವೀಡಿಯೋ ಕರೆ ಮಾಡಿ ಅಮ್ಮನ ಮುಖ ನೋಡುತ್ತೇವೆ. ಅವಳ ತಾಯಿ ಯುದ್ಧದ ಆಚೆ ದಡದಲ್ಲಿದ್ದರು. ಪತ್ರ ತಲುಪುವುದೇ ಕಷ್ಟ; ತಲುಪಿದರೂ ತಿಂಗಳುಗಳ ಹಿಂದಿನ ಸುದ್ದಿ.

1942ರ ನವೆಂಬರಿನಲ್ಲಿ ಕೇಸರಿಯಾದ ತೀರದ ಬಗ್ಗೆ ಒಂದು ಪುಟ್ಟ ಕವಿತೆ ಬರೆದಳು. ಮರಳು, ಸಮುದ್ರ, ನೀರಿನ ಸದ್ದು, ಆಕಾಶದ ಮಿಂಚು, ಮನುಷ್ಯನ ಪ್ರಾರ್ಥನೆ, ಇವು ಎಂದೂ ಮುಗಿಯದಿರಲಿ ಎಂದು ದೇವರಲ್ಲಿ ಕೇಳುವ ಕೆಲವೇ ಸಾಲುಗಳು. ಮುಂದೆ ಡೇವಿಡ್ ಝೆಹಾವಿ ಅದಕ್ಕೆ ರಾಗ ಕೂಡಿಸಿದರು. ‘ಏಲಿ ಏಲಿ’ ಎಂದು ಶುರುವಾಗುವ ಆ ಹಾಡನ್ನು ನೀವೆಲ್ಲ ಕೇಳಿದ್ದೀರಿ. ಯೋಮ್ ಹಶೋಆ ದಿನ ರೇಡಿಯೋದಲ್ಲಿ ಬರುತ್ತದೆ, ಹಿರಿಯರು ಜೊತೆಗೆ ಗುನುಗುತ್ತಾರೆ. ಬರೆದವಳು ಒಗೆಯುವ ಮನೆಯ ಹುಡುಗಿ ಎಂಬುದು ನನಗೆ ಬಹಳ ಕಾಲ ತಿಳಿದಿರಲಿಲ್ಲ.

ನನಗೆ ಇದನ್ನೆಲ್ಲ ಹೇಳಿದವರು ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಸವ್ತಾ, ಅಂದರೆ ಅಜ್ಜಿ. ಬುಡಾಪೆಸ್ಟಿನಲ್ಲಿ ಹುಟ್ಟಿದವರು, 1944ರಲ್ಲಿ ಸಣ್ಣ ಹುಡುಗಿ. ಮಧ್ಯಾಹ್ನದ ಮಾತ್ರೆ ಕೊಟ್ಟು, ಕಿಟಕಿಯ ಪರದೆ ಅರ್ಧ ಎಳೆದ ಮೇಲೆ, ಅವರು ಹನ್ನಾಳ ದಿನಚರಿಯನ್ನು ತೊಡೆಯ ಮೇಲಿನ ದಿಂಬಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಭೂತಗನ್ನಡಿಯನ್ನು ಸಾಲಿನ ಮೇಲೆ ಮೆಲ್ಲಗೆ ಸರಿಸುತ್ತಾ ಓದುವರು, ಆಮೇಲೆ ನನಗೆ ತಿಳಿಯುವ ಸುಲಭದ ಹೀಬ್ರೂನಲ್ಲಿ ಇನ್ನೊಮ್ಮೆ ಹೇಳುವರು. ಯುದ್ಧದ ಪುಟಗಳನ್ನು ಬೇಗ ಬೇಗ ದಾಟುತ್ತಿದ್ದರು. ತಾಯಿಗೆ ಬರೆದ ಕಾಗದ ಬಂದರೆ ಕನ್ನಡಿ ಅಲ್ಲೇ ನಿಲ್ಲುತ್ತಿತ್ತು. “ನೋಡು, ಎಲ್ಲ ಚೆನ್ನಾಗಿದೆ ಅಂತ ಬರೆದಿದ್ದಾಳೆ. ಸುಳ್ಳು. ನೀನೂ ನಿನ್ನ ಅಮ್ಮನಿಗೆ ಹಾಗೇ ಹೇಳುತ್ತೀಯ” ಎನ್ನುತ್ತಿದ್ದರು. ನನಗೆ ಉತ್ತರ ಹೊಳೆಯುತ್ತಿರಲಿಲ್ಲ.

1943ರ ಜನವರಿಯಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂತು: ಹಂಗೇರಿಗೆ ಹಿಂದಿರುಗಬೇಕು, ಅಲ್ಲಿನ ಯುವಕರನ್ನು ಹೊರತರುವ ಕೆಲಸಕ್ಕೆ ಕೈಹಚ್ಚಬೇಕು, ಅಮ್ಮನನ್ನೂ ಕರೆತರಬೇಕು. ಆಗ ಅದು ಹುಚ್ಚು ಯೋಚನೆಯೇ. ಕೆಲವೇ ವಾರಗಳಲ್ಲಿ, ಇಲ್ಲಿನ ಯಹೂದಿಗಳ ಸ್ವಯಂರಕ್ಷಣಾ ಪಡೆಯ ವಿಶೇಷ ದಳವಾದ ಪಲ್ಮಾಖ್‌ನವನೊಬ್ಬ ಬಂದು ಅಂಥದ್ದೇ ಒಂದು ತಂಡ ಕಟ್ಟುತ್ತಿದ್ದಾರೆಂದು ತಿಳಿಸಿದ. ಬ್ರಿಟಿಷರಿಗೆ ಶತ್ರುವಿನ ನೆಲದಲ್ಲಿ ಇಳಿದು ಸುದ್ದಿ ಕಳುಹಿಸುವವರು, ಕೆಳಗೆ ಬಿದ್ದ ವಿಮಾನ ಚಾಲಕರನ್ನು ಪಾರು ಮಾಡುವವರು ಬೇಕಿದ್ದರು. ಇಲ್ಲಿನ ಯಹೂದಿಗಳಿಗೆ ಯುರೋಪಿನಲ್ಲಿ ಸಿಕ್ಕಿಬಿದ್ದ ತಮ್ಮವರನ್ನು ತಲುಪಬೇಕಿತ್ತು. ಹುಟ್ಟಿದೂರಿನ ಭಾಷೆ ಬಲ್ಲ ವಲಸಿಗರು ಈ ಎರಡಕ್ಕೂ ಒದಗಿದರು. ಕೊನೆಗೆ ಯುರೋಪಿಗೆ ಹೋದವರು 37 ಮಂದಿ, ಬಹುಪಾಲು ಪ್ಯಾರಾಚೂಟಿನಿಂದ ಇಳಿದವರು. ಅವರಲ್ಲಿ ಏಳು ಮಂದಿ ಹಿಂದಿರುಗಲಿಲ್ಲ. ಹವೀವಾ ರೈಕ್ ಕೂಡ ಅವರಲ್ಲೊಬ್ಬಳು, ಸ್ಲೊವಾಕಿಯಾದಿಂದ ಬಂದು ಮಆನಿತ್ ಕಿಬ್ಬುಟ್ಸ್ ಸೇರಿದ್ದವಳು. ಅವಳನ್ನು ಸ್ಲೊವಾಕಿಯಾದಲ್ಲೇ 1944ರ ನವೆಂಬರಿನಲ್ಲಿ ಕೊಂದರು. ಅವಳ ಹೆಸರು ಊರಿನ ಪೋಸ್ಟರ್‌ಗಳಲ್ಲಿ ಬರುವುದೇ ಇಲ್ಲ.

ಹೊರಡುವ ಮುನ್ನ ಒಂದು ಸಂತೋಷ ಕೂಡಿಬಂತು. ಅಣ್ಣ ಗಿಯೋರಾ ಫ್ರಾನ್ಸಿನಿಂದ ತಪ್ಪಿಸಿಕೊಂಡು 1944ರ ಆರಂಭದಲ್ಲಿ ಇಲ್ಲಿಗೆ ಬಂದು ಸೇರಿದ. ವರ್ಷಗಟ್ಟಲೆ ನೋಡದಿದ್ದ ಅಣ್ಣ ತಂಗಿಯರಿಗೆ ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಎಲ್ಲಿಗೆ, ಯಾತಕ್ಕೆ ಹೋಗುತ್ತಿದ್ದೇನೆ ಎಂದು ಅವಳು ಬಾಯಿಬಿಟ್ಟು ಹೇಳುವಂತಿರಲಿಲ್ಲ.

1944ರ ಮಾರ್ಚ್ ಮಧ್ಯದಲ್ಲಿ ಯುಗೊಸ್ಲಾವಿಯಾದಲ್ಲಿ ಇಳಿದಳು. ಮಾರ್ಚ್ 19ಕ್ಕೆ ಜರ್ಮನ್ ಸೇನೆ ಹಂಗೇರಿಯನ್ನು ಹಿಡಿಯಿತು. ಲೆಕ್ಕವೆಲ್ಲ ತಲೆಕೆಳಗಾಯಿತು. ಗಡಿ ದಾಟುವುದು ಆತ್ಮಹತ್ಯೆ ಎಂದು ಜೊತೆಗಿದ್ದವರು ತಡೆದರು. ಅವಳು ನಾಜಿಗಳ ವಿರುದ್ಧ ಹೋರಾಡುತ್ತಿದ್ದ ಯುಗೊಸ್ಲಾವ್ ನಾಯಕ ಟಿಟೊನ ಗೆರಿಲ್ಲಾಗಳ ಜೊತೆ ಕಾಡುಬೆಟ್ಟ ಅಲೆಯುತ್ತಾ ತಿಂಗಳುಗಟ್ಟಲೆ ಕಾದಳು. ಅದೇ ಹೊತ್ತಿಗೆ, ಮೇ 15ರಿಂದ ಜುಲೈ 9ರ ನಡುವೆ, ಹಂಗೇರಿಯ ಹಳ್ಳಿ ಪಟ್ಟಣಗಳಿಂದ 4,30,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಿದರು. ಬಹುಪಾಲು ಜನ ಹೋದದ್ದು ನಾಜಿಗಳ ಕೊಲೆ ಶಿಬಿರವಾದ ಆಶ್ವಿಟ್ಸ್‌ಗೆ. ಜೂನ್ ಆರಂಭದಲ್ಲಿ ಹನ್ನಾ ಗಡಿ ದಾಟಿಯೇಬಿಟ್ಟಳು, ದಾಟಿದ ಸ್ವಲ್ಪದರಲ್ಲೇ ಸಿಕ್ಕಿಬಿದ್ದಳು. ಜೊತೆಗಿದ್ದ ಯುವಕನೊಬ್ಬ ಪೊಲೀಸರ ಕೈಗೆ ಸಿಗುವ ಗಳಿಗೆಯಲ್ಲಿ ತನಗೆ ತಾನೇ ಗುಂಡು ಹಾರಿಸಿಕೊಂಡ. ಹುಡುಕಾಟದಲ್ಲಿ ಅವಳ ರೇಡಿಯೋ ಪ್ರಸಾರಯಂತ್ರ ಸಿಕ್ಕಿತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ, ಕೆಲವರಿಗೆ ಹಿಡಿಸದಿರಬಹುದು. ಹನ್ನಾ ಯಾವ ರೈಲನ್ನೂ ನಿಲ್ಲಿಸಲಿಲ್ಲ. ಗಡಿಯಾಚೆ ಅವಳಿಂದ ಪಾರಾದವರು ಯಾರೂ ಇಲ್ಲ. ಕೆಲಸ ಶುರುವಾಗುವ ಮೊದಲೇ ಮುಗಿದುಹೋಯಿತು. ಪೋಸ್ಟರ್‌ಗಳು ಇದನ್ನು ಮುಚ್ಚಿಡುತ್ತವೆ, ಸೋಲು ಅವಳ ದೊಡ್ಡತನಕ್ಕೆ ಕಲೆ ಎನ್ನುವ ಹಾಗೆ. ನನಗೆ ಅನ್ನಿಸುವುದು ಬೇರೆ. ಇಡೀ ಖಂಡ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಸಾವಿನ ಕಡೆಗೆ, ಒಳಕ್ಕೆ, ನಡೆದುಹೋದವರು ಬೆರಳೆಣಿಕೆಯ ಜನ. ಅವರಲ್ಲಿ ಇವಳೊಬ್ಬಳು. ಗೆದ್ದಳೆಂದು ಸುಳ್ಳು ಹೇಳಿ ಅವಳನ್ನು ಎತ್ತರಕ್ಕೇರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯಬೇಕು. ಪ್ರಸಾರಯಂತ್ರದ ಸಂಕೇತ ಹೇಳು ಎಂದು ದಿನಗಟ್ಟಲೆ ಹೊಡೆದರು. ಹೆಸರಿನ ಹೊರತು ಬೇರೇನೂ ಅವಳ ಬಾಯಿಂದ ಹೊರಡಲಿಲ್ಲ. ಜೂನ್ 17ರಂದು ಬುಡಾಪೆಸ್ಟಿನಲ್ಲಿ ತಾಯಿ ಕಾತಾಲಿನ್ ಅವರನ್ನು ಸೇನಾ ಕಚೇರಿಗೆ ಕರೆಸಿ, ನಿಮ್ಮ ಮಗಳು ಎಲ್ಲಿದ್ದಾಳೆಂದು ತಿಳಿದಿದ್ದೀರಿ ಎಂದು ಕೇಳಿದರು. ದೂರದ ಪ್ಯಾಲೆಸ್ಟೈನಿನಲ್ಲಿ, ಹೈಫಾದ ಹತ್ತಿರದ ಊರಿನಲ್ಲಿ ಎಂದರು ಆ ತಾಯಿ. ಮಗಳೊಬ್ಬಳಾದರೂ ಸುರಕ್ಷಿತ ಎಂಬ ಸಮಾಧಾನದಿಂದಲೇ ಅವರು ಆ ವರ್ಷಗಳನ್ನು ಕಳೆದಿದ್ದರು. ಆಗ ಬಾಗಿಲು ತೆರೆಯಿತು. ನಾಲ್ವರು ಹಿಡಿದು ತಂದ ಹುಡುಗಿಯ ಕೂದಲು ಕೆದರಿತ್ತು, ಕಣ್ಣ ಸುತ್ತ ಕಪ್ಪುಗಟ್ಟಿತ್ತು, ಮುಂದಿನ ಹಲ್ಲೊಂದು ಇರಲಿಲ್ಲ. ಅವಳು ಓಡಿಬಂದು ತಾಯಿಯನ್ನು ತಬ್ಬಿಕೊಂಡು ಕ್ಷಮಿಸು ಎಂದಳು. ಮಗಳು ಬಾಯಿಬಿಡದಿದ್ದರೆ ತಾಯಿಯನ್ನು ಕೊಲ್ಲುತ್ತೇವೆ ಎಂದು ಬೆದರಿಸಿದರು. ಆಗಲೂ ಸಂಕೇತವನ್ನು ಹೇಳಲಿಲ್ಲ. ಅದನ್ನು ಹೇಳಿದ್ದರೆ ಇನ್ನಷ್ಟು ಸಂಗಾತಿಗಳು ಬಲೆಗೆ ಬೀಳುತ್ತಿದ್ದರು. ಒಬ್ಬ ಮಗಳ ಮುಂದೆ ಇದಕ್ಕಿಂತ ಕ್ರೂರವಾದ ಆಯ್ಕೆ ಇಡಲು ಸಾಧ್ಯವೇ?

ತಾಯಿಯನ್ನೂ ಅದೇ ಸೆರೆಮನೆಗೆ ಹಾಕಿದರು. ಒಂಟಿ ಕೋಣೆಯಲ್ಲಿದ್ದ ಹನ್ನಾ ಕಾಗದದಲ್ಲಿ ದೊಡ್ಡ ದೊಡ್ಡ ಅಕ್ಷರಗಳನ್ನು ಕತ್ತರಿಸಿ ಕಿಟಕಿಯಲ್ಲಿ ಒಂದೊಂದಾಗಿ ಹಿಡಿದು ಎದುರಿನ ಕೋಣೆಗಳ ಕೈದಿಗಳ ಜೊತೆ ಮಾತಾಡುತ್ತಿದ್ದಳು. ಕನ್ನಡಿ ಚೂರಿನಿಂದ ಬೆಳಕಿನ ಸಂಜ್ಞೆ ಮಾಡುತ್ತಿದ್ದಳು. ಸಿಕ್ಕ ಕಾಗದದಿಂದ ಗೊಂಬೆಗಳನ್ನು ಮಾಡಿ ಉಳಿದವರಿಗೆ ಕಳುಹಿಸುತ್ತಿದ್ದಳು. ಹಲ್ಲು ಮುರಿದಿದ್ದ ಹುಡುಗಿ ಸೆರೆಮನೆಯಲ್ಲಿ ಗೊಂಬೆ ಮಾಡುತ್ತಾ ಕುಳಿತಿದ್ದಳು! ಬಂದೂಕಿನ ಚಿತ್ರ ಕಳುಹಿಸುವವರಿಗೆ ನಾನು ತೋರಿಸಬಯಸುವುದು ಇದನ್ನೇ.

ಅಕ್ಟೋಬರಿನಲ್ಲಿ ಆ್ಯರೋ ಕ್ರಾಸ್ ಎಂಬ ನಾಜಿಪರ ಪಕ್ಷ ಅಧಿಕಾರ ಹಿಡಿಯಿತು. ಅಕ್ಟೋಬರ್ 28ರಂದು ದೇಶದ್ರೋಹದ ವಿಚಾರಣೆ ನಡೆದು, ತೀರ್ಪು ಮುಂದಕ್ಕೆ ಹೋಯಿತು. ಆ ಹೊತ್ತಿಗೆ ಬಿಡುಗಡೆಯಾಗಿದ್ದ ತಾಯಿ ಮಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ನವೆಂಬರ್ 7ರಂದು ಮಗಳನ್ನು ನೋಡಲು ಹೋದಾಗ ಅಧಿಕಾರಿ, ಶಿಕ್ಷೆ ಜಾರಿಯಾಗಿದೆ ಎಂದ. ಗುಂಡಿಟ್ಟು ಕೊಂದಿದ್ದರು. ಹನ್ನಾ ಕ್ಷಮಾದಾನ ಕೇಳಿರಲಿಲ್ಲ. ಅವಳ ಬಟ್ಟೆಯ ಜೇಬಿನಲ್ಲಿ ತಾಯಿಗೆ ಬರೆದ ಸಣ್ಣ ಚೀಟಿಯಿತ್ತು. ಕೃತಜ್ಞತೆ, ಕ್ಷಮೆ, ಅಷ್ಟೇ. ಆ ತಾಯಿಯನ್ನೂ ಅದೇ ತಿಂಗಳು ಆಸ್ಟ್ರಿಯಾದ ಕಡೆಗಿನ ಸಾವಿನ ನಡಿಗೆಗೆ ಅಟ್ಟಿದರು. ಅವರು ತಪ್ಪಿಸಿಕೊಂಡು ಬದುಕಿ, ಯುದ್ಧ ಮುಗಿದ ಮೇಲೆ ಮಗನಿದ್ದ ಈ ನೆಲಕ್ಕೆ ಬಂದರು. 1992ರವರೆಗೂ ಬದುಕಿದ್ದರು. ಸುಮಾರು ಅರ್ಧ ಶತಮಾನ ಮಗಳಿಲ್ಲದೆ ಕಳೆದ ಈ ತಾಯಿಯ ನೆನಪಿಗೆ ಯಾರೂ ಪೋಸ್ಟರ್ ಮಾಡುವುದಿಲ್ಲ.

1950ರಲ್ಲಿ ಹನ್ನಾಳ ಅಸ್ಥಿಯನ್ನು ತಂದು ಜೆರುಸಲೇಮಿನ ಹೆರ್ಜಲ್ ಬೆಟ್ಟದಲ್ಲಿ ಮಣ್ಣು ಮಾಡಿದರು. ಬುಡಾಪೆಸ್ಟಿನ ಹಳೆಯ ಸಮಾಧಿಕಲ್ಲು 2007ರಲ್ಲಿ ಸ್ದೋತ್ ಯಾಮ್‌ಗೆ ಬಂತು. ಹಂಗೇರಿಯ ಸೇನಾ ನ್ಯಾಯಾಲಯ ಅವಳ ಮೇಲಿನ ಆರೋಪವನ್ನು ಅಳಿಸಿ, ಆ ಸಂಗತಿಯನ್ನು ಬಂಧುಗಳಿಗೆ ತಿಳಿಸಿದ್ದು 1993ರ ನವೆಂಬರಿನಲ್ಲಿ. ತಾಯಿ ಅದನ್ನು ಕೇಳಲು ಇರಲಿಲ್ಲ.

ಅವಳು ನಡೆದಾಡಿದ ತೀರಕ್ಕೆ ಇನ್ನೊಂದು ನೆನಪೂ ಇದೆ. ಸ್ದೋತ್ ಯಾಮ್ ಪಕ್ಕದಲ್ಲಿ ಕೈಸಾರಿಯಾ ಎಂಬ ಮುಸ್ಲಿಮರ ಹಳ್ಳಿಯಿತ್ತು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೋಸ್ನಿಯಾದಿಂದ ವಲಸೆ ಬಂದವರು ನೆಲೆಸಿದ್ದ ಊರು. 1948ರ ಫೆಬ್ರುವರಿಯಲ್ಲಿ ಅಲ್ಲಿದ್ದವರನ್ನು ಹೊರಹಾಕಿದರು, ಮನೆಗಳನ್ನು ಕೆಡವಿದರು. ಹನ್ನಾ ಸತ್ತು ಮೂರು ವರ್ಷ ಕಳೆದ ಮೇಲಿನ ಮಾತಿದು. ಅದರ ಹೊಣೆ ಅವಳದಲ್ಲ. ಆದರೆ ಮರಳು, ಸಮುದ್ರ, ಮನುಷ್ಯನ ಪ್ರಾರ್ಥನೆ ಉಳಿಯಲಿ ಎಂದು ಬೇಡಿದವಳ ನೆನಪಿಗೆ ಹೋಗಿ ನಿಲ್ಲುವಾಗ ಅಲ್ಲಿಂದ ಎದ್ದುಹೋದವರನ್ನು ನೆನೆಯದಿರುವುದು ನನ್ನಿಂದಾಗದು. 2023ರ ಅಕ್ಟೋಬರ್ 7ರಂದು ಗಾಜಾದಿಂದ ಬಂದ ಹಮಾಸ್ ನಡೆಸಿದ ದಾಳಿಯ ನಂತರ ಊರಿನವರಿಗೂ ಕಿಬ್ಬುಟ್ಸ್ ಎಂಬ ಮಾತು ಗೊತ್ತಾಗಿದೆ. ಅಂದು ಸತ್ತವರಲ್ಲಿ ನಮ್ಮ ಹಾಗೆಯೇ ಹಿರಿಯರನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ಪೀನ್ಸಿನವರಿದ್ದರು, ಹೊಲಗಳಲ್ಲಿ ದುಡಿಯುತ್ತಿದ್ದ ಥಾಯ್ಲೆಂಡಿನವರಿದ್ದರು. ಆಮೇಲೆ ಗಾಜಾದಲ್ಲಿ ಸಾವಿರಾರು ಮಕ್ಕಳು ಸತ್ತರು. ಇಂಥ ಕಾಲದಲ್ಲಿ ಹನ್ನಾಳ ಕೈಗೆ ಬಂದೂಕು ಕೊಟ್ಟು ಇನ್ನೊಬ್ಬರ ಮೇಲೆ ಗುರಿಯಿಡಬೇಡಿ ಎಂದು ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ.

ಇನ್ನು ಮಾಡಬಹುದಾದ್ದನ್ನು ಹೇಳುತ್ತೇನೆ. ಪ್ರತಿ ಸೆಪ್ಟೆಂಬರಿನಲ್ಲಿ ಹೈಫಾದ ಭಾರತೀಯ ಸ್ಮಶಾನದಲ್ಲಿ ನಡೆಯುವ ಸ್ಮರಣೆಗೆ ನಮ್ಮಲ್ಲಿ ಕೆಲವರು ಹೋಗುತ್ತೇವೆ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು ಎನ್ನುವಾಗ ನಮಗೆ ಹೆಮ್ಮೆ. ದೂರದ ನೆಲದಲ್ಲಿ ಸತ್ತ ನಮ್ಮ ಹುಡುಗರನ್ನು ಇಲ್ಲಿನವರು ಮರೆಯಬಾರದು ಎಂದು ಬಯಸುವ ನಾವು, ಹೈಫಾದಿಂದ ದಕ್ಷಿಣಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿರುವ ಸ್ದೋತ್ ಯಾಮ್‌ಗೂ ಒಮ್ಮೆ ಹೋಗಬಹುದಲ್ಲ? ಅಲ್ಲಿ ಹನ್ನಾಳ ಹೆಸರಿನ ಮನೆಯೊಂದಿದೆ, ಅವಳ ಕಥೆ ಹೇಳುವ ವಸ್ತುಗಳಿವೆ. ಶನಿವಾರದ ಶಬ್ಬಾತ್ ವಿಶ್ರಾಂತಿ ದಿನ ಬಸ್ ಸಿಗುವುದಿಲ್ಲ, ಬೇರೆ ದಿನ ರಜೆ ಕೇಳಿ. ತೆರೆದಿರುವ ಹೊತ್ತು ಮೊದಲೇ ವಿಚಾರಿಸಿ.

ಇನ್ನೊಂದು ಕೆಲಸ ಮನೆಯಲ್ಲೇ ಆಗುವಂಥದ್ದು. ನಮ್ಮಲ್ಲಿ ಹೆಚ್ಚಿನವರಿಗೆ ಹೀಬ್ರೂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾವು ನೋಡಿಕೊಳ್ಳುವ ಹಿರಿಯರಿಗೆ ಓದಲು ಬರುತ್ತದೆ, ಕೇಳುವವರಿಲ್ಲ. ಅವರ ಮನೆಯ ಕಪಾಟಿನಲ್ಲಿ ಹನ್ನಾಳ ದಿನಚರಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಗ್ರಂಥಾಲಯದಿಂದ ತರಿಸಿ. ದಿನಕ್ಕೊಂದು ಪುಟ ಓದಿ ಹೇಳಲಿ. ನೀವು ಕೇಳಿದ್ದನ್ನು ರಾತ್ರಿ ಕನ್ನಡದಲ್ಲಿ ಬರೆದಿಡಿ, ನಾಲ್ಕು ಸಾಲಾದರೂ ಸರಿ. ಹತ್ತಿಪ್ಪತ್ತು ಮಂದಿ ಹೀಗೆ ಬರೆದರೆ, ಒಗೆಯುವ ಮನೆಯಿಂದ ಅಮ್ಮನಿಗೆ ‘ಚೆನ್ನಾಗಿದ್ದೇನೆ’ ಎಂದು ಬರೆಯುತ್ತಿದ್ದ ಹುಡುಗಿಯ ಪರಿಚಯ ಊರಿನ ನಮ್ಮ ಮಕ್ಕಳಿಗೂ ಆಗುತ್ತದೆ. ಬರೆದವರು ನನಗೆ ಕಳುಹಿಸಿದರೆ ಒಟ್ಟು ಸೇರಿಸುವ ಕೆಲಸ ನಾನು ಮಾಡುತ್ತೇನೆ. ಈ ನವೆಂಬರ್ 7ರಿಂದಲೇ ಶುರು ಮಾಡೋಣ.

ಇಂತಿ,
ಹಿರಿಯರ ಆರೈಕೆಯ ಕೆಲಸದಲ್ಲಿರುವ ನಿಮ್ಮೂರಿನವಳು